ಆ ಹುಡುಗಿಯ ಜೊತೆ ಬಸ್ ಹತ್ತುವವರು ಯಾರು?

ಬೆಳಗ್ಗೆ ಏಳೂಕಾಲರ ಬಸ್ಸು. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಅಂತಷ್ಟೇ ಹೇಳುತ್ತೇನೆ, ಊರಿನ ಹೆಸರು ಬೇಡ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ ಕೂಡ. ತಾಯಿ ಮತ್ತು ಹನ್ನೆರಡು ವರ್ಷದ ಮಗಳು ಸ್ಟಾಪಿನಲ್ಲಿ ನಿಂತಿದ್ದರು. ಅವತ್ತು ಮಂಡ್ಯದ ಕೋರ್ಟಿನಲ್ಲಿ ವಾಯ್ದೆ. ಬಸ್ಸು ಬಂತು. ಆಧಾರ್ ಕಾರ್ಡ್ ತೋರಿಸಿ ಫ್ರೀ ಟಿಕೆಟ್ ತಗೊಂಡು ಕೂತರು. ಮುಂದಿನ ಸ್ಟಾಪಿನಲ್ಲಿ ಅವನು ಹತ್ತಿದ. ಜಾಮೀನಿನ ಮೇಲೆ ಹೊರಗಿದ್ದವನು. ಅವನಿಗೂ ಅದೇ ದಿನ, ಅದೇ ಕೋರ್ಟು. ಹತ್ತೂವರೆಯೊಳಗೆ ಮುಟ್ಟಿಸುವ ಬಸ್ಸು ಆ ಕಡೆಯಿಂದ ಇರುವುದೂ ಅದೊಂದೇ. ಅವನ ಜೊತೆಗೆ ಅಣ್ಣ, ಮಾವ, ಊರಿನ ಇಬ್ಬರು ಯಜಮಾನರು. ಅವರು ಐದು ಜನ, ಇವರು ಇಬ್ಬರು. ಒಂದೂವರೆ ಗಂಟೆ ದಾರಿ.

"ಯಾರೂ ಏನೂ ಮಾತಾಡ್ನಿಲ್ಲ. ಅವ ನಮ್ ಕಡೆ ತಿರುಗೂ ನೋಡ್ನಿಲ್ಲ. ಆದ್ರೂ ಇವ್ಳು ಮಂಡ್ಯ ಬರೋಗಂಟ ನನ್ ಸೆರಗು ಬುಡ್ನಿಲ್ಲ" ಅಂತ ಆ ತಾಯಿ ನನಗೆ ಆಮೇಲೆ ಹೇಳಿದರು.

ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಕೆಲಸದಿಂದ ನಿವೃತ್ತಿಯಾದ ಮೇಲೆ ಇಂಥ ಕೆಲವು ಮನೆಗಳಿಗೆ ಹೋಗಿ ಬಂದು ಮಾಡುತ್ತಿದ್ದೇನೆ. ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿದ ಮಕ್ಕಳಿಗೆ ಏನು ಬೇಕು ಅಂತ ಯಾರಾದರೂ ಕೇಳಿದರೆ, ಕಾನೂನಿಗೂ ಕೌನ್ಸೆಲಿಂಗ್‌ಗೂ ಮೊದಲು ನನಗೆ ನೆನಪಾಗುವುದು ಈ ಬಸ್ಸು.

ಕಾನೂನು ಕಾಗದದ ಮೇಲೆ ಕೆಟ್ಟದಾಗಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ ಜಾರಿಗೆ ಬಂತು. 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯ, ಹೆಣ್ಣಾಗಲಿ ಗಂಡಾಗಲಿ. ಅದನ್ನು ಬರೆದವರು ಮಗುವಿನ ಜಾಗದಲ್ಲಿ ಕೂತು ಯೋಚಿಸಿದ್ದಾರೆ ಅಂತ ಓದಿದರೆ ಗೊತ್ತಾಗುತ್ತದೆ. ಹೇಳಿಕೆ ತಗೊಳ್ಳಲು ಮಗುವನ್ನು ಠಾಣೆಗೆ ಕರೆಸಬೇಕಿಲ್ಲ. ಮನೆಯಲ್ಲೋ, ಮಗು ಹೇಳಿದ ಕಡೆಯೋ ಪೊಲೀಸರೇ ಬರಬೇಕು. ಸಾಧ್ಯವಾದಷ್ಟೂ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಇರಬೇಕು. ಯೂನಿಫಾರ್ಮ್ ಹಾಕಿರಬಾರದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೆಣ್ಣು ಮಗುವಾದರೆ ಪರೀಕ್ಷೆ ಮಾಡುವವರು ಮಹಿಳಾ ವೈದ್ಯರೇ ಆಗಬೇಕು. ಕೋರ್ಟಿನಲ್ಲಿ ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ. ಅವರು ಜಡ್ಜ್‌ಗೆ ಕೊಡಬೇಕು, ಜಡ್ಜ್ ಮಗುವನ್ನು ಕೇಳಬೇಕು. ವಿಚಾರಣೆ ಮುಚ್ಚಿದ ಬಾಗಿಲೊಳಗೆ. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಅದಕ್ಕೆ ಪರದೆ ಹಾಕಬಹುದು, ವಿಡಿಯೊ ಮೂಲಕವೂ ಕೇಳಬಹುದು. ಪ್ರತಿ ಜಿಲ್ಲೆಯಲ್ಲೂ ಇಂಥ ಸಾಕ್ಷಿಗಳಿಗೆ ಪ್ರತ್ಯೇಕ ಕೇಂದ್ರ ಇರಬೇಕು ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

ಅಂದರೆ ಕೋರ್ಟಿನ ಒಳಗೆ ಪರದೆ ಇದೆ. ಬಸ್ಸಿನಲ್ಲಿ ಇಲ್ಲ. ಕೋರ್ಟಿನ ವರಾಂಡದಲ್ಲಿ ಇಲ್ಲ. ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಇಲ್ಲ, ಊರಿನ ಡೇರಿ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಲ್ಲುವ ಸಾಲಿನಲ್ಲೂ ಇಲ್ಲ. ನಾಲ್ಕು ಗೋಡೆಯೊಳಗೆ ಕಾಯ್ದೆ ನೋಡಿಕೊಳ್ಳುತ್ತದೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗುವ ದಾರಿ ಇದೆಯಲ್ಲ, ಅದು ನಮ್ಮದು. ಊರಿನದು, ಬೀದಿಯದು. ಅಲ್ಲೇ ಮಕ್ಕಳು ಒಂಟಿಯಾಗುವುದು, ಅಲ್ಲೇ ಕೇಸುಗಳು ಬೀಳುವುದು.

ನಮಗೆ ಸಿಟ್ಟು ಬರುವುದಿಲ್ಲ ಅಂತಲ್ಲ. 2022ರ ಅಕ್ಟೋಬರ್‌ನಲ್ಲಿ ಮಳವಳ್ಳಿಯಲ್ಲಿ ಟ್ಯೂಷನ್‌ಗೆ ಹೋದ ಹತ್ತು ವರ್ಷದ ಹುಡುಗಿಯ ಕೊಲೆಯಾದಾಗ ಇಡೀ ಊರು ಬೀದಿಗೆ ಬಂದಿತ್ತು. 2025ರ ದಸರಾ ಹೊತ್ತಿನಲ್ಲಿ, ಬಲೂನು ಮಾರಲು ಕಲಬುರಗಿ ಕಡೆಯಿಂದ ಮೈಸೂರಿಗೆ ಬಂದಿದ್ದ ಕುಟುಂಬದ ಮಗುವಿಗೆ ಆದದ್ದನ್ನು ಕೇಳಿ ಮೈಸೂರೇ ತಲೆ ತಗ್ಗಿಸಿತು. ಪ್ರತಿಭಟನೆ, ಮೇಣದ ಬತ್ತಿ, "ಗಲ್ಲಿಗೇರಿಸಿ", "ಎನ್‌ಕೌಂಟರ್ ಮಾಡಿ" ಎಲ್ಲ ಆಯಿತು. ಆ ಸಿಟ್ಟು ಸುಳ್ಳಲ್ಲ. ಆದರೆ ಗಮನಿಸಿ: ನಾವು ಹೀಗೆ ಸೇರುವುದು ಬಹುತೇಕ ಸಲ ಮಗು ಸತ್ತ ಮೇಲೆ. ಬದುಕಿ ಉಳಿದು, ಮಾರನೇ ವಾರ ಶಾಲೆಗೆ ಹೋಗಬೇಕಾದ ಮಗುವಿನ ಮನೆ ಮುಂದೆ ಯಾರೂ ಸೇರುವುದಿಲ್ಲ. ಸೇರುವುದೂ ಬೇಡ ಬಿಡಿ. ಅದು ಇನ್ನೊಂದು ಹಿಂಸೆ. ಆದರೆ ಒಬ್ಬಿಬ್ಬರಾದರೂ ಸದ್ದಿಲ್ಲದೆ ಹೋಗಬೇಕಲ್ವಾ?

ಯಾಕೆ ಹೋಗುವುದಿಲ್ಲ ಅನ್ನುವುದಕ್ಕೆ ಒಂದು ಸರಳ ಕಾರಣ ಇದೆ. ಬೀದಿಯಲ್ಲಿ ನಾವು ಸಿಟ್ಟಾಗುವುದು ಅಪರಿಚಿತನ ಮೇಲೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಇತ್ತೀಚಿನ ವರ್ಷಗಳ ವರದಿ ತೆಗೆದು ನೋಡಿದರೆ, ಪೋಕ್ಸೊದಡಿ ದಾಖಲಾದ ಅತಿ ಗಂಭೀರ ಪ್ರಕರಣಗಳಲ್ಲಿ 100ಕ್ಕೆ 95ಕ್ಕಿಂತ ಜಾಸ್ತಿ ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ. ಪಕ್ಕದ ಮನೆಯವನು, ಸಂಬಂಧಿ, ಮೇಷ್ಟ್ರು, ಅಪ್ಪನ ಗೆಳೆಯ, ಕೆಲವು ಸಲ ಅಪ್ಪನೇ. ಅಂದಮೇಲೆ ಅವನು ಊರಿಗೂ ಗೊತ್ತಿದ್ದವನೇ. ಅವನ ಹೆಂಡತಿ ನಿಮ್ಮ ಸಂಘದಲ್ಲಿ ಸಾಲ ತಗೊಂಡಿರುತ್ತಾಳೆ. ಅವನ ಅಣ್ಣ ನಿಮ್ಮ ಗದ್ದೆಗೆ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಇನ್ನು ನಿಮ್ಮ ಕಬ್ಬು ಕಡಿಸಬೇಕು, ನೀರಿನ ಪಾಳಿ ಹೊಂದಿಸಿಕೊಳ್ಳಬೇಕು. ಅಪರಿಚಿತನಿಗೆ ಗಲ್ಲು ಕೇಳುವುದು ಸುಲಭ. ಟ್ರ್ಯಾಕ್ಟರ್‌ನವನ ತಮ್ಮನ ವಿರುದ್ಧ ಸಾಕ್ಷಿ ಹೇಳುವ ಹುಡುಗಿಯ ಪಕ್ಕ ಬಸ್ಸಿನಲ್ಲಿ ಕೂರುವುದು ಕಷ್ಟ.

ಆಗ ಊರು ಏನು ಮಾಡುತ್ತದೆ? ನಡುವೆ ನಿಲ್ಲುತ್ತದೆ. "ಆಗಿದ್ದು ಆಗೋಯ್ತು, ಹೆಣ್ಮಗ ನಾಳೆ ಮದ್ವೆ ಆಗ್ಬೇಕು, ಕೂತು ಬಗೆಹರಿಸ್ಕೊಳಿ." ಈ ಮಾತು ಹೇಳುವವರು ಕೆಟ್ಟವರಲ್ಲ ಅನ್ನುವುದೇ ಬೇಜಾರಿನ ವಿಷಯ. ನಿಜವಾಗಲೂ ಒಳ್ಳೇದಾಗಲಿ ಅಂತಲೇ ಹೇಳುತ್ತಾರೆ. ಆದರೆ ಇದು ಬದು ಜಗಳ ಅಲ್ಲ. ಎರಡು ಮನೆಯವರು ರಾಜಿಯಾದರು ಅನ್ನುವ ಕಾರಣಕ್ಕೆ ಇಂಥ ಕೇಸನ್ನು ರದ್ದು ಮಾಡಲಾಗದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ, ರಾಜಸ್ಥಾನದ ಶಿಕ್ಷಕರೊಬ್ಬರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಅರಳಿಕಟ್ಟೆಯ ರಾಜಿಯಿಂದ ಕೇಸು ಮುಗಿಯುವುದಿಲ್ಲ. ಸಾಕ್ಷಿ ಮಾತ್ರ ತಿರುಗುತ್ತದೆ. ಕೋರ್ಟಿನಲ್ಲಿ ಮಗು "ಏನೂ ಆಗಿಲ್ಲ" ಅನ್ನುತ್ತದೆ. ಆಮೇಲೆ ಅದೇ ಊರು "ನೋಡಿದ್ರಾ, ಸುಳ್ಳು ಕೇಸು" ಅನ್ನುತ್ತದೆ.

ಕಾಯ್ದೆ ಬರೆದವರಿಗೆ ಈ ಒಂಟಿತನ ಗೊತ್ತಿತ್ತು. ಅದಕ್ಕೇ ಒಬ್ಬ ವ್ಯಕ್ತಿಯನ್ನು ಇಟ್ಟಿದ್ದಾರೆ: ಬೆಂಬಲ ವ್ಯಕ್ತಿ. ನಮ್ಮಲ್ಲಿ ಹೆಚ್ಚಿನವರು ಈ ಪದವನ್ನೇ ಕೇಳಿರುವುದಿಲ್ಲ. ದೂರು ಬಂದ 24 ಗಂಟೆಯೊಳಗೆ ಪೊಲೀಸರು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಈ ಸಮಿತಿ ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. ಮಗು ಮತ್ತು ಪೋಷಕರ ಒಪ್ಪಿಗೆ ಪಡೆದು ಈ ಸಮಿತಿ ಬೆಂಬಲ ವ್ಯಕ್ತಿಯನ್ನು ಕೊಡುತ್ತದೆ. ತನಿಖೆಯಿಂದ ಹಿಡಿದು ವಿಚಾರಣೆ ಮುಗಿಯುವವರೆಗೂ ಅವರು ಮಗುವಿನ ಜೊತೆಗಿರಬೇಕು. ಮುಂದಿನ ವಾಯ್ದೆ ಯಾವಾಗ, ಆರೋಪಿಗೆ ಜಾಮೀನು ಸಿಕ್ಕಿತಾ, ಪರಿಹಾರದ ಅರ್ಜಿ ಎಲ್ಲಿಗೆ ಬಂತು, ಇದನ್ನೆಲ್ಲ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಪ್ರತಿ ತಿಂಗಳೂ ಸಮಿತಿಗೆ ವರದಿ ಕೊಡಬೇಕು. ಇದು ಪುಕ್ಕಟೆ ಸಮಾಜಸೇವೆಯೂ ಅಲ್ಲ. ನುರಿತ ಕೆಲಸಗಾರರ ಕನಿಷ್ಠ ಕೂಲಿಗಿಂತ ಕಡಿಮೆಯಿಲ್ಲದ ಹಣ ಸರ್ಕಾರ ಕೊಡಬೇಕು ಅಂತ 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಗಟ್ಟಿ ಮಾಡಿತು. ಬೆಂಬಲ ವ್ಯಕ್ತಿ ಬೇಕೋ ಬೇಡವೋ ಅನ್ನುವುದನ್ನು ಪೋಷಕರ ಮೇಲೆ ಬಿಟ್ಟು ಕೈ ತೊಳೆದುಕೊಳ್ಳಬೇಡಿ, ಇಂಥದ್ದೊಂದು ಹಕ್ಕಿದೆ ಅಂತ ಪ್ರತಿ ಕುಟುಂಬಕ್ಕೂ ತಿಳಿಸಿ ಅಂತ.

ಬಸ್ಸಿನಲ್ಲಿದ್ದ ಆ ತಾಯಿಗೆ ಅಂಥವರೊಬ್ಬರು ಸಿಕ್ಕಿದ್ದರಾ? ಸಿಕ್ಕಿದ್ದರು, ಹೆಸರಿಗೆ. ಒಂದು ಸಲ ಫೋನ್ ಮಾಡಿದ್ದರಂತೆ. ಆ ಬೆಂಬಲ ವ್ಯಕ್ತಿಯನ್ನು ದೂರಿ ಪ್ರಯೋಜನ ಇಲ್ಲ. ಅವರ ಕೈಯಲ್ಲಿ ಬೇರೆ ಬೇರೆ ತಾಲ್ಲೂಕಿನ ಎಷ್ಟೋ ಮಕ್ಕಳ ಕೇಸು ಇದ್ದವು. ಒಂದೇ ದಿನ ಎರಡು ವಾಯ್ದೆ ಬಿದ್ದರೆ ಅವರು ಯಾರ ಜೊತೆ ಹೋಗಬೇಕು?

ಇಲ್ಲಿ ಕಾಯ್ದೆಯ ಒಂದು ಸಣ್ಣ ಸಾಲು ನನಗೆ ಬಹಳ ಇಷ್ಟ. ಸೆಕ್ಷನ್ 33ರಲ್ಲಿದೆ. ಮಗುವಿಗೆ ನಂಬಿಕೆಯಿರುವ ಕುಟುಂಬದವರು, ಪೋಷಕರು, ಸ್ನೇಹಿತರು ಅಥವಾ ಸಂಬಂಧಿಕರು ಕೋರ್ಟಿನಲ್ಲಿ ಜೊತೆಗಿರಲು ಬಿಡಬೇಕು ಅಂತ. ಸ್ನೇಹಿತರು! ಕಾನೂನಿನ ಪುಸ್ತಕದಲ್ಲಿ ಆ ಪದ ಎಷ್ಟು ಸಲ ಸಿಕ್ಕೀತು? ಪೊಲೀಸರ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುವಾಗಲೂ ಅಷ್ಟೇ: ಅಪ್ಪ ಅಮ್ಮ ಅಥವಾ ಮಗು ನಂಬುವ ಬೇರೆ ಯಾರಾದರೂ. ಅಂಗನವಾಡಿ ಟೀಚರ್ ಇರಬಹುದು, ಆಶಾ ಕಾರ್ಯಕರ್ತೆ ಇರಬಹುದು, ಪಕ್ಕದ ಮನೆಯ ಅಜ್ಜಿ ಇರಬಹುದು. ಸರ್ಕಾರ ನೇಮಿಸಿದವರು ಬರಲಿ ಅಂತ ಕಾಯುತ್ತಾ ಕೂರುವ ಅಗತ್ಯ ಇಲ್ಲ.

ಇನ್ನು ಶುರುವಿಗೆ ಬರೋಣ. ಮಗು ಮೊದಲ ಸಲ ಬಾಯಿ ಬಿಡುವ ಆ ಹೊತ್ತಿಗೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಕಾಯ್ದೆ ಬರುವುದಕ್ಕೂ ಮುಂಚಿನ ಮಾತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಊಟದ ಬೆಲ್ ಆದ ಮೇಲೂ ಕ್ಲಾಸಿನಲ್ಲೇ ಉಳಿದು, ನನ್ನ ಟೇಬಲ್ ಮೇಲಿದ್ದ ಚಾಕ್‌ಪೀಸ್ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಾ, "ಮಿಸ್, ನಮ್ ಚಿಕ್ಕಪ್ಪ ಮನೆಗ್ ಬಂದ್ರೆ ನಂಗ್ ಹೊಟ್ಟೆ ನೋಯ್ತದೆ" ಅಂದಳು. ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಅಂತ ಇವತ್ತು ಸುಳ್ಳು ಹೇಳಲಾರೆ. ಅವಳ ತಾಯಿಯನ್ನು ಕರೆಸಿ "ಮಗಳನ್ನ ಸ್ವಲ್ಪ ಹುಷಾರಾಗಿ ನೋಡ್ಕೊಳಿ" ಅಂದೆ. ಅಷ್ಟೇ. ಹುಡುಗಿ ಆ ವರ್ಷದ ಕೊನೆಗೆ ಶಾಲೆ ಬಿಟ್ಟಳು. ಆ ಡಬ್ಬಿಯ ಟಕ್ ಟಕ್ ಸದ್ದು ಇನ್ನೂ ನೆನಪಿದೆ.

ಇವತ್ತಾಗಿದ್ದರೆ ನಾನು ಮಾಡಿದ್ದು ಅಪರಾಧ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದೇ ಇದ್ದರೆ 6 ತಿಂಗಳವರೆಗೆ ಜೈಲು ಇದೆ. ತಮ್ಮ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. ಮಗುವಿನ ಮೇಲೆ ಮಾತ್ರ ಈ ಹೊರೆ ಇಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯೂ ಇದೆ. ಆದರೆ ಶಿಕ್ಷೆಯ ಭಯದಿಂದ ಹೇಳಿದ ತಕ್ಷಣ ಮಗುವಿಗೆ ಸಹಾಯ ಆಯಿತು ಅಂತಲ್ಲ. ಕೆಲವು ಶಾಲೆಗಳು ಈಗ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, "ನಮ್ಮ ಕೆಲಸ ಮುಗೀತು" ಅಂತ ಹಿಂದೆ ಸರಿಯುವುದನ್ನೂ ನೋಡಿದ್ದೇನೆ. ಮಗು ಮೇಷ್ಟ್ರನ್ನು ನಂಬಿ ಹೇಳಿದ್ದು. ಮಾರನೇ ದಿನ ಮನೆಗೆ ಪೊಲೀಸರು ಬಂದರು. ಮೇಷ್ಟ್ರು ಮಾತ್ರ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾರೆ. ಆ ಮಗುವಿಗೆ ಏನನ್ನಿಸಬೇಕು?

ಮೊದಲ ಐದು ನಿಮಿಷದಲ್ಲಿ ಏನು ಹೇಳಬೇಕು ಅನ್ನುವುದು ದೊಡ್ಡ ವಿದ್ಯೆಯಲ್ಲ. ನಾನು ನಿನ್ನ ಮಾತು ನಂಬುತ್ತೇನೆ. ನಿನ್ನ ತಪ್ಪಿಲ್ಲ. ಹೇಳಿದ್ದು ಒಳ್ಳೇದಾಯಿತು. ಮುಂದೆ ಯಾರ್ಯಾರಿಗೆ ಹೇಳುತ್ತೇನೆ ಅನ್ನುವುದನ್ನು ಮೊದಲು ನಿನಗೆ ಹೇಳುತ್ತೇನೆ. ಇಷ್ಟು ಸಾಕು. "ಯಾಕೆ ಮುಂಚೆನೇ ಹೇಳ್ಲಿಲ್ಲ?", "ನೀನ್ಯಾಕೆ ಅಲ್ಲಿಗೆ ಹೋದೆ?", "ಕೂಗ್ಬೇಕಿತ್ತು ಅಲ್ವಾ?" ಇವು ಬಾಯಿಗೆ ತಾವಾಗಿ ಬರುವ ಪ್ರಶ್ನೆಗಳು. ಅದಕ್ಕೇ ಅಪಾಯ. ಭಯದಲ್ಲಿ ಮಗು ಕೂಗುವುದಿಲ್ಲ, ಕಲ್ಲಿನ ಹಾಗೆ ಆಗಿಬಿಡುತ್ತದೆ. ಇನ್ನೊಂದು ಮಾತು: ಯಾರಿಗೂ ಹೇಳಲ್ಲ ಅಂತ ಆಣೆ ಮಾಡಬೇಡಿ. ಹೇಳಲೇಬೇಕಾಗುತ್ತದೆ. ಆಣೆ ಮುರಿದ ದೊಡ್ಡವರ ಪಟ್ಟಿಗೆ ನಿಮ್ಮ ಹೆಸರೂ ಸೇರುವುದು ಬೇಡ. ಪೂರ್ತಿ ವಿವರ ಕೆದಕುವುದೂ ನಮ್ಮ ಕೆಲಸವಲ್ಲ. ಅದನ್ನು ಕೇಳಲು ತರಬೇತಿ ಪಡೆದವರಿದ್ದಾರೆ. ಒಂದೇ ಕಥೆಯನ್ನು ಹೆಡ್‌ಮಾಸ್ಟರಿಗೆ, ಅತ್ತೆಗೆ, ಪಂಚಾಯ್ತಿ ಮೆಂಬರಿಗೆ ಅಂತ ಹೇಳಿ ಹೇಳಿ ಮಗು ಸುಸ್ತಾದರೆ ಕೋರ್ಟಿಗೆ ಹೋಗುವಷ್ಟರಲ್ಲಿ ಅದರೊಳಗೆ ಏನೂ ಉಳಿದಿರುವುದಿಲ್ಲ.

2022ರ ಡಿಸೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯ ಕಟ್ಟೇರಿಯ ಹಾಸ್ಟೆಲೊಂದರಲ್ಲಿ ಹುಡುಗಿಯರು ಮುಖ್ಯ ಶಿಕ್ಷಕರನ್ನು ದೊಣ್ಣೆ ಹಿಡಿದು ಅಟ್ಟಾಡಿಸಿದ ವಿಡಿಯೊ ನಿಮಗೆ ನೆನಪಿರಬಹುದು. ಕಿರುಕುಳದ ಆರೋಪ ಅದು. ವಿಡಿಯೊ ದೇಶವೆಲ್ಲ ಓಡಾಡಿತು. "ವೀರ ವನಿತೆಯರು" ಅಂತ ಜನ ಕೊಂಡಾಡಿದರು. ನನಗೆ ಹೆಮ್ಮೆಗಿಂತ ಹೆಚ್ಚಾಗಿ ಗಾಬರಿಯಾಯಿತು. ಹೈಸ್ಕೂಲ್ ಹುಡುಗಿಯರ ಕೈಗೆ ದೊಣ್ಣೆ ಬರುವಷ್ಟರಲ್ಲಿ ಎಷ್ಟು ದೊಡ್ಡವರ ಬಾಗಿಲುಗಳು ಅವರಿಗೆ ಮುಚ್ಚಿದ್ದಿರಬೇಕು? ಸಲಹಾ ಪೆಟ್ಟಿಗೆ ಗೋಡೆಗೆ ನೇತುಹಾಕಿ, ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲೇ ಇಟ್ಟರೆ ಅದರೊಳಗೆ ಯಾರು ಚೀಟಿ ಹಾಕುತ್ತಾರೆ ಹೇಳಿ.

ಮಾತಿನ ಬಗ್ಗೆಯೂ ಸ್ವಲ್ಪ ಹೇಳಲೇಬೇಕು. "ಬಾಳು ಹಾಳಾಯ್ತು", "ಕೆಡಿಸ್ಬಿಟ್ಟ", "ಮಾನ ಹೋಯ್ತು". ಅನುಕಂಪದಿಂದಲೇ ಆಡುವ ಮಾತುಗಳಿವು. ಆದರೆ ಒಳಗಿನ ಕೋಣೆಯಲ್ಲಿ ಮಲಗಿರುವ ಮಗು ಇದನ್ನೆಲ್ಲ ಕೇಳಿಸಿಕೊಳ್ಳುತ್ತದೆ. ತಪ್ಪು ಮಾಡಿದವನದ್ದು, ಮಾನ ಹೋಗಿದ್ದು ಮಾತ್ರ ಇವಳದ್ದು. ಹಾಲು ಕೆಡುತ್ತದೆ, ಅನ್ನ ಕೆಡುತ್ತದೆ. ಮಗು ಹೇಗೆ ಕೆಡುತ್ತದೆ? ಅದಕ್ಕಿಂತ ಕೆಟ್ಟದ್ದು "ಆ ಕೇಸಿನ ಹುಡುಗಿ" ಅನ್ನುವುದು. ಕಾನೂನು ಮಗುವಿನ ಹೆಸರು, ಮನೆ, ಶಾಲೆ, ಯಾವುದೂ ಹೊರಗೆ ಬರಬಾರದು ಅಂತ ಕಾಪಾಡುತ್ತದೆ. ಮಾಧ್ಯಮದಲ್ಲಿ ಬಯಲು ಮಾಡಿದರೆ 6 ತಿಂಗಳಿಂದ 1 ವರ್ಷದವರೆಗೆ ಜೈಲು. ಊರು ಆ ಹೆಸರನ್ನು ಕಿತ್ತುಕೊಂಡು ಇನ್ನೊಂದು ಹೆಸರು ಇಟ್ಟುಬಿಡುತ್ತದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಫೋಟೊ ಹಾಕಿ "ನ್ಯಾಯ ಸಿಗೋವರೆಗೂ ಶೇರ್ ಮಾಡಿ" ಅನ್ನುವವರಂತೂ ತಾವು ಉಪಕಾರ ಮಾಡುತ್ತಿದ್ದೇವೆ ಅಂತಲೇ ನಂಬಿರುತ್ತಾರೆ.

ಹುಡುಗರ ಕಥೆ ಇನ್ನೂ ಮೌನ. "ಗಂಡು ಹುಡ್ಗ ಅಲ್ವಾ, ಏನಾಯ್ತದೆ ಬುಡು." ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡು ಮಕ್ಕಳೇ ಇದ್ದರು. ಬಹುತೇಕರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬ ಹುಡುಗನೂ ನನ್ನ ಹತ್ತಿರ ಬಂದು ಹೇಳಲಿಲ್ಲ. ನನ್ನ ಶಾಲೆಯಲ್ಲಿ ಅಂಥವರು ಇರಲಿಲ್ಲ ಅಂತ ಇದರ ಅರ್ಥ ಅಲ್ಲ.

ನಮ್ಮ ಕಡೆ ಪೋಕ್ಸೊ ಅಂದ ತಕ್ಷಣ ಕೆಲವರು "ಅಯ್ಯೋ, ಅದೆಲ್ಲ ಲವ್ ಕೇಸು" ಅಂದುಬಿಡುತ್ತಾರೆ. ಹದಿನಾರು ಹದಿನೇಳರ ಹುಡುಗಿ ಹುಡುಗನ ಜೊತೆ ಓಡಿಹೋಗಿ, ಮನೆಯವರು ಕೇಸು ಹಾಕುವುದು ಇದ್ದೇ ಇದೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವೇ 2022ರ ನವೆಂಬರ್‌ನಲ್ಲಿ ಒಪ್ಪಿಗೆಯ ವಯಸ್ಸಿನ ಬಗ್ಗೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತ್ತು. ಆಯೋಗ 2023ರಲ್ಲಿ 18 ವರ್ಷ ಹಾಗೇ ಇರಲಿ, 16ರಿಂದ 18ರ ನಡುವಿನ ಇಂಥ ಪ್ರಕರಣಗಳಲ್ಲಿ ಶಿಕ್ಷೆ ಕೊಡುವಾಗ ಜಡ್ಜ್‌ಗೆ ವಿವೇಚನೆ ಇರಲಿ ಅಂತ ಸಲಹೆ ಕೊಟ್ಟಿತು. ಆ ಚರ್ಚೆ ಬೇರೆ, ನಡೆಯಲಿ. ಆದರೆ ಅದನ್ನೇ ನೆಪ ಮಾಡಿಕೊಂಡು ಒಂಬತ್ತು ವರ್ಷದ ಮಗುವಿನ ಮಾತನ್ನೂ ಅನುಮಾನಿಸುವುದು ನಡೆಯುತ್ತಿದೆ. ಇನ್ನೂ ಒಂದು: ಆ ಹದಿನಾರರ ಹುಡುಗಿಗೂ ಬೆಂಬಲ ಬೇಕು. ಅವಳು ಗರ್ಭಿಣಿಯಾಗಿದ್ದರೆ ಜಾಸ್ತಿಯೇ ಬೇಕು. ಬೈಯುವವರು ಅವಳಿಗೂ ಬೇಕಾದಷ್ಟು ಸಿಗುತ್ತಾರೆ.

ಮತ್ತೆ ಆ ಮನೆಗೆ ಬರುತ್ತೇನೆ. ದೂರು ಕೊಟ್ಟ ಮೇಲೆ ಆ ಮನೆಯಲ್ಲಿ ಏನೇನು ನಿಂತುಹೋಯಿತು ಅನ್ನುವುದನ್ನು ಎಣಿಸಿ ನೋಡಿದೆ. ತಾಯಿ ಮದ್ದೂರು ಕಡೆಯ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಬೆಳಗ್ಗೆ ಕಂಪನಿ ವ್ಯಾನಿನಲ್ಲಿ ಹೋಗಿ ಕತ್ತಲಾದ ಮೇಲೆ ಬರುವ ಕೆಲಸ. ಠಾಣೆ, ಆಸ್ಪತ್ರೆ, ಮ್ಯಾಜಿಸ್ಟ್ರೇಟ್, ಸಮಿತಿ, ಕೋರ್ಟು ಅಂತ ಓಡಾಡಿ ರಜೆ ಜಾಸ್ತಿಯಾಗಿ ಕೆಲಸ ಹೋಯಿತು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ, ನಿಜ. ದಿನಗೂಲಿಯನ್ನು ಯಾರೂ ಕಟ್ಟಿಕೊಡುವುದಿಲ್ಲ. ತಂದೆಗೆ ಆರೋಪಿಯ ಸಂಬಂಧಿಕರ ಆಲೆಮನೆಯಲ್ಲಿ ಕೆಲಸ ಇತ್ತು. ಅದೂ ಹೋಯಿತು, ಯಾರೂ ಬಾಯಿಬಿಟ್ಟು ಏನೂ ಹೇಳದೆ. ಮಗಳು ಮೂರು ತಿಂಗಳು ಶಾಲೆಗೆ ಹೋಗಲಿಲ್ಲ. ಹೋದ ಮೇಲೆ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬೇರೆ ಬೆಂಚಿಗೆ ಹೋಗಿದ್ದಳು. ಗೆಳತಿಯ ಅಮ್ಮ ಹೇಳಿಕೊಟ್ಟಿದ್ದು. ಶಾಲೆಯವರು ತಂದೆಯನ್ನು ಕರೆಸಿ ಬಹಳ ಮೆತ್ತಗೆ, "ಹೊಸ ಜಾಗ ಆದ್ರೆ ಮಗುಗೂ ಒಳ್ಳೇದಲ್ವಾ" ಅಂದರು. ಟಿಸಿ ತಗೊಂಡು ಹೋಗಿ ಅನ್ನುವುದನ್ನು ಹೀಗೂ ಹೇಳಬಹುದು.

ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹಾಸಿಗೆ ಒದ್ದೆಯಾಗುತ್ತಿತ್ತು. ಹನ್ನೆರಡು ವರ್ಷದವಳಿಗೆ ಅದರ ನಾಚಿಕೆ ಬೇರೆ. ಇದು ಹುಚ್ಚಲ್ಲ, ಹಟವಲ್ಲ. ಪೆಟ್ಟು ಬಿದ್ದ ಮನಸ್ಸು ಹೀಗೇ ಇರುತ್ತದೆ. ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್ ಅಂತ ದೊಡ್ಡ ಸರ್ಕಾರಿ ಆಸ್ಪತ್ರೆಗಳು ನಮ್ಮ ಕೈಗೆಟಕುವಷ್ಟು ಹತ್ತಿರ ಇವೆ. ದೌರ್ಜನ್ಯಕ್ಕೆ ಸಿಕ್ಕಿದ ಹೆಣ್ಣುಮಕ್ಕಳಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರಗಳು ಎರಡೂ ಜಿಲ್ಲೆಯಲ್ಲಿವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಮೈಸೂರಿನಲ್ಲಿ ಒಡನಾಡಿಯಂಥ ಸಂಸ್ಥೆ ಮೂರು ದಶಕಗಳಿಂದ ಇಂಥ ಹೆಣ್ಣುಮಕ್ಕಳ ನಡುವೆಯೇ ಕೆಲಸ ಮಾಡುತ್ತಿದೆ. ಇವೆಲ್ಲ ಇದ್ದೂ ಮಗು ಅಲ್ಲಿಗೆ ತಲುಪುವುದಿಲ್ಲ. ಕೌನ್ಸೆಲಿಂಗ್ ಒಂದು ಸಲದ ಇಂಜೆಕ್ಷನ್ ಅಲ್ಲ, ವಾರ ವಾರ ಹೋಗಬೇಕು. ವಾರ ವಾರ ಯಾರು ಕರ್ಕೊಂಡು ಹೋಗುತ್ತಾರೆ?

ದುಡ್ಡಿನ ದಾರಿಯೂ ಇದೆ, ಹೇಳುವವರಿಲ್ಲ ಅಷ್ಟೇ. ತುರ್ತಾಗಿ ಊಟ, ಬಟ್ಟೆ, ಓಡಾಟದ ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು. ಮಾಡಿದರೆ ಒಂದು ವಾರದೊಳಗೆ ಹಣ ಕೊಡಬೇಕು ಅಂತ ನಿಯಮದಲ್ಲಿದೆ. ಕೇಸು ಮುಗಿಯುವವರೆಗೆ ಕಾಯದೆ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಬಹುದು. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಹಾಯ ಸಿಗುತ್ತದೆ, ವಕೀಲರೂ ಪುಕ್ಕಟೆ. ಬೆದರಿಕೆ ಇದ್ದರೆ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು. ಒಂದೇ ಬಸ್ಸಿನಲ್ಲಿ ಪ್ರಯಾಣ ಮಾಡಬೇಕಾದ ಕಷ್ಟವನ್ನು ಸರ್ಕಾರಿ ವಕೀಲರಿಗೆ ಹೇಳಿದರೆ ಜಾಮೀನಿನ ಷರತ್ತಿನ ವಿಷಯವನ್ನೂ ಜಡ್ಜ್ ಮುಂದೆ ಎತ್ತಬಹುದು. ಆ ತಾಯಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಪೊಲೀಸರು ಕೊಡಬೇಕಾದ ಹಕ್ಕುಗಳ ಪತ್ರ ಕೊಟ್ಟಿದ್ದರು. ಅದನ್ನು ಮಡಚಿ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಓದಿ ಹೇಳಿದವರು ಯಾರೂ ಇರಲಿಲ್ಲ.

ಊರಿನಲ್ಲಿ ಜನ ಇಲ್ಲ ಅಂತಲ್ಲ. ಪ್ರತಿ ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘ ಇದೆ, ವಾರಕ್ಕೊಂದು ಸಲ ಸೇರುತ್ತದೆ. ಆಶಾ, ಅಂಗನವಾಡಿಯವರು ಇದ್ದಾರೆ, ಶಾಲೆಗೆ ಎಸ್‌ಡಿಎಂಸಿ ಅನ್ನುವ ಶಾಲಾಭಿವೃದ್ಧಿ ಸಮಿತಿ ಇದೆ. ಪಂಚಾಯ್ತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು. ಬಹಳ ಕಡೆ ಅದು ಹೂಗುಚ್ಛ, ಭಾಷಣ, ಬಿಸ್ಕೆಟ್ ಪ್ಯಾಕೆಟ್‌ನಲ್ಲಿ ಮುಗಿಯುತ್ತದೆ ಅನ್ನುವುದು ಬೇರೆ ಮಾತು. ಸಾವು ಆದರೆ ಹೇಳಿಸಿಕೊಳ್ಳದೆ ಹನ್ನೊಂದು ದಿನ ಆ ಮನೆಗೆ ಊಟ ಕಳಿಸುವ ಊರುಗಳು ನಮ್ಮವು. ಕಷ್ಟದ ಮನೆಗೆ ಹೇಗೆ ಹೋಗಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಕಷ್ಟಕ್ಕೆ ಮಾತ್ರ ಹೋಗಬಾರದು ಅಂತ ಯಾವಾಗ ತೀರ್ಮಾನ ಮಾಡಿದೆವೋ ಗೊತ್ತಿಲ್ಲ.

ಆ ಊರಿನ ಸಂಘದ ಹೆಂಗಸರ ಜೊತೆ ನಾನು ಮಾತಾಡಿದ್ದು ಇಷ್ಟೇ. ನೀವು ಯಾರ ಪರವೂ ಸಾಕ್ಷಿ ಹೇಳಬೇಡಿ, ಯಾರಿಗೂ ಬೈಯಬೇಡಿ, ಏನಾಯ್ತು ಅಂತ ಮಗುವನ್ನೂ ಕೇಳಬೇಡಿ. ವಾಯ್ದೆ ದಿನ ಬಸ್ಸಿನಲ್ಲಿ ಜೊತೆಗೆ ಕೂತರೆ ಸಾಕು. ಮೊದಲು ಯಾರೂ ಒಪ್ಪಲಿಲ್ಲ. "ನಮ್ ಯಜಮಾನ್ರು ಬುಡಲ್ಲ ಮೇಡಂ" ಅಂದರು. ಒಬ್ಬರಂತೂ ಎದ್ದೇ ಹೋದರು, ಅವರು ಆರೋಪಿಗೆ ಸಂಬಂಧಿಕರು ಅಂತ ನನಗೆ ಆಮೇಲೆ ಗೊತ್ತಾಯಿತು. ಎರಡು ವಾಯ್ದೆ ಹಾಗೇ ಕಳೆಯಿತು. ಮೂರನೆಯದಕ್ಕೆ ಇಬ್ಬರು ಬಂದರು. ಒಬ್ಬಾಕೆಗೆ ಅರವತ್ತು ದಾಟಿದೆ, ಎಲೆ ಅಡಿಕೆ ಬಾಯಿ, ಮಾತು ಜೋರು. ಬಸ್ ಹತ್ತಿದವರೇ ಹುಡುಗಿಯನ್ನು ಕಿಟಕಿ ಕಡೆ ಕೂರಿಸಿ, ತಾವು ಈಚೆ ಸೀಟಿನಲ್ಲಿ ಕೂತು, ಮಂಡ್ಯದವರೆಗೂ ತಮ್ಮ ಸೀಮೆಹಸುವಿನ ಕಾಯಿಲೆ ಕಥೆ ಹೇಳಿದರಂತೆ. ಮುಂದಿನ ಸ್ಟಾಪಿನಲ್ಲಿ ಅವನು ಹತ್ತಿದಾಗಲೂ ನಿಲ್ಲಿಸಲಿಲ್ಲವಂತೆ.

ಅವತ್ತು ಕೋರ್ಟಿನಲ್ಲಿ ಏನೂ ನಡೆಯಲಿಲ್ಲ. ಆ ಕಡೆಯ ವಕೀಲರು ಬಂದಿರಲಿಲ್ಲ, ವಾಯ್ದೆ ಮುಂದಕ್ಕೆ ಹೋಯಿತು. ನಾಲ್ವರೂ ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ ತಿಂದು ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದರು. ಆ ವಾರದ ಸಂಘದ ಮೀಟಿಂಗಿನಲ್ಲಿ, ಸಾಲದ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ತಾರೀಖು ಬರೆದರು. ಕೆಳಗೆ ಇಬ್ಬರ ಹೆಸರು, ಎದುರಿಗೆ "ಪಾಳಿ" ಅಂತ. ಯಾತರ ಪಾಳಿ ಅಂತ ಬರೆಯಲಿಲ್ಲ.